ಮನೆಯ ಕಾರಿನ ತಿಂಗಳ ತಪಾಸಣೆ: ಯಾವುದನ್ನು ತಣ್ಣಗಿರುವಾಗ ನೋಡಬೇಕು, ಯಾವುದನ್ನು ಓಡಿಸಿದ ಮೇಲೆ

"ಗಾಳಿ ತಪ್ಪದೆ ಹಾಕಿಸುತ್ತೇನೆ, ಆದರೂ ಟೈರಿನ ಎರಡೂ ಅಂಚು ಸವೆಯುತ್ತಿವೆ." "ಆಯಿಲ್ ಒಂದೊಂದು ಸಲ ಒಂದೊಂದು ಮಟ್ಟ ತೋರಿಸುತ್ತದೆ." "ಬ್ಯಾಟರಿ ನಿನ್ನೆ ಸಂಜೆ ಚೆನ್ನಾಗಿಯೇ ಇತ್ತು, ಬೆಳಗ್ಗೆ ಕಾರು ಸ್ಟಾರ್ಟ್ ಆಗಲಿಲ್ಲ." ಕಾರು ಇಟ್ಟುಕೊಂಡವರ ಬಾಯಲ್ಲಿ ಈ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಇವರು ಯಾರೂ ಸೋಮಾರಿಗಳಲ್ಲ. ನೋಡಬೇಕಾದ್ದನ್ನು ನೋಡಿದ್ದಾರೆ, ಆದರೆ ನೋಡಬಾರದ ಹೊತ್ತಿನಲ್ಲಿ ನೋಡಿದ್ದಾರೆ.

ಕಾರಿನ ಕೆಲವು ಅಳತೆಗಳು ಗಾಡಿ ತಣ್ಣಗಿರುವಾಗ ಮಾತ್ರ ಸರಿ ಸಿಗುತ್ತವೆ. ಕೆಲವನ್ನು ಎಂಜಿನ್ ಓಡುವಾಗಲೇ ನೋಡಬೇಕು. ಇನ್ನು ಕೆಲವು ದೋಷಗಳು ಓಡಿಸಿ ಬಂದು ನಿಲ್ಲಿಸಿದ ಮೇಲೆ ಕಾಣುತ್ತವೆ. ಈ ಕ್ರಮ ತಪ್ಪಿದರೆ ಎಷ್ಟು ಶ್ರದ್ಧೆಯಿಂದ ನೋಡಿದರೂ ತಪ್ಪು ಉತ್ತರವೇ ಬರುತ್ತದೆ. ಅದಕ್ಕೆ ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲೇ ಮಾಡಿ. ತಿಂಗಳಿಗೊಮ್ಮೆ ಸಾಕು. ದೂರದ ಪ್ರಯಾಣದ ಹಿಂದಿನ ದಿನ ಇನ್ನೊಮ್ಮೆ ನೋಡಿ.

ಇದು ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಬರೆದದ್ದು. ಎಲೆಕ್ಟ್ರಿಕ್ ಕಾರಿನವರು ಎಂಜಿನ್ ಆಯಿಲ್ ಬಿಟ್ಟು ಟೈರ್, ಬ್ರೇಕ್, ದೀಪ, ಸೀಟ್ ಬೆಲ್ಟಿನ ಭಾಗಗಳನ್ನು ಹಾಗೇ ಅನುಸರಿಸಬಹುದು.

## ಬೇಕಾಗುವ ಸಾಮಾನು

ಟೈರ್ ಗಾಳಿ ಅಳೆಯುವ ಗೇಜ್, ಟಾರ್ಚ್, ಎಳೆ ಬಿಡದ ಹಳೇ ಬಟ್ಟೆ, ಕೈಗವಸು, ಸಣ್ಣ ಆಲಿಕೆ, ಒಂದು ಸಾಮಾನ್ಯ ಮಲ್ಟಿಮೀಟರ್, ಜಂಪರ್ ಕೇಬಲ್, ಚಕ್ರಕ್ಕೆ ಒಡ್ಡಲು ಎರಡು ಮರದ ತುಂಡು. ಕೊನೆಗೆ ಒಂದು ನೋಟ್ ಪುಸ್ತಕ.

ಇದರಲ್ಲಿ ಗೇಜ್ ಮಾತ್ರ ನಿಮ್ಮದೇ ಇರಲಿ. ಪೆಟ್ರೋಲ್ ಬಂಕಿನ ಮೀಟರುಗಳು ದಿನಕ್ಕೆ ನೂರಾರು ಸಲ ನೆಲಕ್ಕೆ ಬೀಳುತ್ತವೆ. ಒಂದೊಂದು ಬಂಕಿನಲ್ಲಿ ಒಂದೊಂದು ಲೆಕ್ಕ. ನಿಮ್ಮ ಗೇಜಿನಲ್ಲೂ ಸ್ವಲ್ಪ ವ್ಯತ್ಯಾಸ ಇರಬಹುದು, ಆದರೆ ಪ್ರತಿ ತಿಂಗಳೂ ಅದೇ ವ್ಯತ್ಯಾಸ ಇರುತ್ತದೆ. ಯಾವ ಟೈರ್ ಗಾಳಿ ಕಳೆದುಕೊಳ್ಳುತ್ತಿದೆ ಎಂದು ತಿಳಿಯಲು ಅಷ್ಟು ಸಾಕು.

## ಹಂತ 1: ಕೈಪಿಡಿಯಿಂದ ನಾಲ್ಕು ವಿವರ ಬರೆದುಕೊಳ್ಳಿ

ಕಾರು ಕಂಪನಿಯ ಪರಂಪರೆಯ ಕಥೆಯನ್ನು ಶೋರೂಮಿನಲ್ಲಿ ಕೇಳಿರುತ್ತೀರಿ. ಬಾನೆಟ್ ಎತ್ತಿದಾಗ ಅದು ಕೆಲಸಕ್ಕೆ ಬರುವುದಿಲ್ಲ. ಕೆಲಸಕ್ಕೆ ಬರುವುದು ಗ್ಲೋವ್ ಬಾಕ್ಸಿನಲ್ಲಿ ಕವರ್ ಕೂಡ ಬಿಚ್ಚದೆ ಬಿದ್ದಿರುವ ಕೈಪಿಡಿ.

ಅದರಿಂದ ಇವಿಷ್ಟನ್ನು ಪುಸ್ತಕದ ಮೊದಲ ಪುಟಕ್ಕೆ ಇಳಿಸಿಕೊಳ್ಳಿ. ಒಂದು, ಟೈರ್ ಗಾಳಿ: ಇಬ್ಬರಿದ್ದಾಗ ಎಷ್ಟು, ಪೂರ್ತಿ ಜನ ಮತ್ತು ಸಾಮಾನು ಇದ್ದಾಗ ಎಷ್ಟು. ಎರಡು, ಎಂಜಿನ್ ಆಯಿಲ್‌ನ ಗ್ರೇಡ್ ಮತ್ತು ಗುಣಮಟ್ಟದ ಸಂಕೇತ. ಮೂರು, ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ಯಾವ ಬಗೆಯದು. ನಾಲ್ಕು, ಬ್ರೇಕ್ ಆಯಿಲ್ ಯಾವ ಡಾಟ್ ನಂಬರಿನದು.

ಎಂಜಿನ್ನಿನ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟ್ ವಿಷಯವನ್ನೂ ನೋಡಿ ಅದೇ ಪುಟದಲ್ಲಿ ಬರೆದುಕೊಳ್ಳಿ. ಕೆಲವು ಎಂಜಿನ್‌ಗಳಲ್ಲಿ ಚೈನ್ ಇರುತ್ತದೆ, ಕೆಲವುಗಳಲ್ಲಿ ರಬ್ಬರ್ ಬೆಲ್ಟ್. ಬೆಲ್ಟ್ ಇದ್ದರೆ ಎಷ್ಟು ಕಿಲೋಮೀಟರಿಗೆ ಅಥವಾ ಎಷ್ಟು ವರ್ಷಕ್ಕೆ ಬದಲಿಸಬೇಕು ಎಂದು ಬರೆದುಕೊಳ್ಳಿ. ಅದು ಯಾವ ಮುನ್ಸೂಚನೆಯನ್ನೂ ಕೊಡದೆ ಹರಿಯಬಹುದು. ಹರಿದರೆ ಅನೇಕ ಎಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ. ಅಲ್ಲಿಗೆ ಎಂಜಿನ್ ಪೂರ್ತಿ ಬಿಚ್ಚುವ ಕೆಲಸ.

## ಹಂತ 2: ಟೈರ್, ಗಾಡಿ ಅಲುಗಾಡುವ ಮೊದಲು

ಕಾರು ಕನಿಷ್ಠ 3 ಗಂಟೆ ನಿಂತಿರಬೇಕು. ಬೆಳಗ್ಗೆ ಬಿಸಿಲು ಟೈರಿಗೆ ಬೀಳುವ ಮೊದಲು ನೋಡಿದರೆ ಇನ್ನೂ ಒಳ್ಳೆಯದು.

ಎಷ್ಟು ಗಾಳಿ ಇರಬೇಕು ಅನ್ನುವುದು ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿ ಅಥವಾ ಪೆಟ್ರೋಲ್ ಮುಚ್ಚಳದ ಒಳಬದಿಯಲ್ಲಿ ಅಂಟಿಸಿದ ಚೀಟಿಯಲ್ಲಿರುತ್ತದೆ. ಟೈರಿನ ಮೈಮೇಲೆ ಅಚ್ಚಾಗಿರುವ ಒತ್ತಡದ ಅಂಕಿ ಅದಲ್ಲ. ಅದು ಆ ಟೈರಿಗೆ ಹೇಳಿರುವ ಗರಿಷ್ಠ ಮಿತಿ. ಅದನ್ನೇ ನೋಡಿ ತುಂಬಿಸುವವರು ಬೇಕಾದಷ್ಟು ಜನ ಇದ್ದಾರೆ. ಹಾಗೆ ಮಾಡಿದರೆ ಟೈರಿನ ನಡುಭಾಗ ಮಾತ್ರ ರಸ್ತೆಗೆ ತಾಗುತ್ತದೆ, ಬ್ರೇಕ್ ಹಿಡಿತ ಕಡಿಮೆಯಾಗುತ್ತದೆ.

ಅಂಚು ಸವೆಯುವ ದೂರಿನ ಮೂಲ ಬಹಳ ಸಲ ಇಲ್ಲೇ ಇದೆ. ಓಡಿದ ಟೈರ್ ಬಿಸಿಯಾಗುತ್ತದೆ, ಒಳಗಿನ ಗಾಳಿಯ ಒತ್ತಡ ಏರುತ್ತದೆ. ಉಷ್ಣತೆ ಸುಮಾರು 5 ರಿಂದ 6 ಡಿಗ್ರಿ ಸೆಲ್ಸಿಯಸ್ ಏರಿದರೆ ಒತ್ತಡ ಹತ್ತಿರ ಹತ್ತಿರ 1 ಪಿಎಸ್ಐ (ಗೇಜ್ ತೋರಿಸುವ ಒತ್ತಡದ ಅಳತೆ) ಏರುತ್ತದೆ. ದೂರ ಓಡಿಸಿಕೊಂಡು ಬಂಕಿಗೆ ಹೋದರೆ 33 ಇರಬೇಕಾದ ಟೈರ್ 37 ತೋರಿಸುತ್ತದೆ. "ಜಾಸ್ತಿ ಆಗಿದೆ" ಅಂತ 4 ಪಿಎಸ್ಐ ಬಿಡಿಸುತ್ತೀರಿ. ರಾತ್ರಿ ತಣ್ಣಗಾದ ಮೇಲೆ ಅದು 29ಕ್ಕೆ ಇಳಿದಿರುತ್ತದೆ. ಹೀಗೆ ತಿಂಗಳು ತಿಂಗಳೂ ನಡೆದರೆ ಅಂಚು ಸವೆಯದೆ ಇನ್ನೇನಾಗುತ್ತದೆ? ಬಿಸಿ ಟೈರಿನಿಂದ ಗಾಳಿ ಬಿಡಬೇಡಿ. ಮನೆಯಲ್ಲೇ ತಣ್ಣಗಿರುವಾಗ ಅಳೆದು, ಯಾವ ಟೈರಿಗೆ ಎಷ್ಟು ಕಡಿಮೆ ಎಂದು ಬರೆದುಕೊಳ್ಳಿ. ಬಂಕಿನಲ್ಲಿ ಆಗ ತೋರಿಸುವ ಅಂಕಿಗೆ ಅಷ್ಟನ್ನೇ ಸೇರಿಸಿ. ಮಾರನೆ ಬೆಳಗ್ಗೆ ಮತ್ತೊಮ್ಮೆ ನೋಡಿ.

ಒಂದೇ ಟೈರ್ ಪ್ರತಿ ತಿಂಗಳೂ ಇಳಿಯುತ್ತಿದ್ದರೆ ಸಣ್ಣ ಪಂಕ್ಚರ್ ಇದೆ, ಇಲ್ಲವೇ ವಾಲ್ವ್ ಸೋರುತ್ತಿದೆ. ವಾಲ್ವ್ ಬಾಯಿಗೆ ಸೋಪಿನ ನೀರು ಹಚ್ಚಿ. ಗುಳ್ಳೆ ಬಂದರೆ ಅಲ್ಲೇ ಸೋರಿಕೆ.

ಗಾಳಿ ಆದ ಮೇಲೆ ಸವೆತ. ಟೈರಿನ ಕಾಲುವೆಗಳ ತಳದಲ್ಲಿ ಅಲ್ಲಲ್ಲಿ ಅಡ್ಡಕ್ಕೆ ಸಣ್ಣ ದಿಣ್ಣೆಗಳಿರುತ್ತವೆ. ಅವುಗಳ ಎತ್ತರ 1.6 ಮಿಲಿಮೀಟರ್. ರಬ್ಬರ್ ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂದರೆ ಟೈರ್ ಮುಗಿಯಿತು. ನಿಜ ಹೇಳಬೇಕೆಂದರೆ ಅಲ್ಲಿವರೆಗೆ ಕಾಯಬಾರದು. 3 ಮಿಲಿಮೀಟರಿಗೆ ಬಂದಾಗಲೇ ಒದ್ದೆ ರಸ್ತೆಯಲ್ಲಿ ಹಿಡಿತ ಚೆನ್ನಾಗಿ ಕಡಿಮೆಯಾಗಿರುತ್ತದೆ.

ಸವೆದ ರೀತಿಯೂ ಕಾರಣ ಹೇಳುತ್ತದೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ. ನಡುಭಾಗ ಸವೆದಿದ್ದರೆ ಗಾಳಿ ಜಾಸ್ತಿ. ಒಂದೇ ಅಂಚು ಸವೆದಿದ್ದರೆ ಚಕ್ರಗಳ ನೇರ, ಅಂದರೆ ಅಲೈನ್‌ಮೆಂಟ್ ತಪ್ಪಿದೆ. ಅಲ್ಲಲ್ಲಿ ಗುಳಿ ಬಿದ್ದಂತೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಅಥವಾ ಬ್ಯಾಲೆನ್ಸಿಂಗ್ ನೋಡಿಸಿ. ಪಕ್ಕದ ಗೋಡೆಯಲ್ಲಿ ಉಬ್ಬು ಕಂಡರೆ ಚರ್ಚೆಯೇ ಬೇಡ, ಒಳಗಿನ ದಾರ ಹರಿದಿದೆ. ಅದಕ್ಕೆ ರಿಪೇರಿ ಇಲ್ಲ, ಟೈರ್ ಬದಲಿಸಿ.

ಟೈರಿನ ಪಕ್ಕದ ಗೋಡೆಯಲ್ಲಿ ಡಾಟ್ (DOT) ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಟೈರ್ ತಯಾರಾದ ವಾರ ಮತ್ತು ವರ್ಷ. 2321 ಎಂದಿದ್ದರೆ 2021ರ 23ನೇ ವಾರ. ಹೊಸದೆಂದು ಕೊಳ್ಳುವಾಗಲೂ ಇದನ್ನು ನೋಡಿ. ಸ್ಟೆಪ್ನಿಯನ್ನೂ ಮರೆಯಬೇಡಿ. ಪಂಕ್ಚರ್ ಆದ ದಿನ ಡಿಕ್ಕಿ ತೆಗೆದು ನೋಡಿದರೆ ಅದರಲ್ಲೂ ಗಾಳಿ ಇರುವುದಿಲ್ಲ, ಬಹಳ ಮನೆಗಳ ಕಥೆ ಇದೇ ಅಲ್ವಾ?

## ಹಂತ 3: ಎಂಜಿನ್ ಆಯಿಲ್

ಕಾರು ಸಮತಟ್ಟಾದ ನೆಲದಲ್ಲಿರಲಿ. ಸ್ವಲ್ಪ ಇಳಿಜಾರಿದ್ದರೂ ಅಳತೆ ಕೆಡುತ್ತದೆ.

ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ಹೊರಗೆಳೆದು, ಬಟ್ಟೆಯಲ್ಲಿ ಪೂರ್ತಿ ಒರೆಸಿ, ಕೊನೆವರೆಗೆ ಒಳಗೆ ತಳ್ಳಿ, ಮತ್ತೆ ಎಳೆದು ನೋಡಿ. ಮೊದಲ ಸಲ ಎಳೆದಾಗ ಕಾಣುವುದು ಲೆಕ್ಕಕ್ಕಿಲ್ಲ. ಓಡುವಾಗ ಚಿಮ್ಮಿದ ಆಯಿಲ್ ಕಡ್ಡಿಯ ಮೇಲೆಲ್ಲ ಅಂಟಿರುತ್ತದೆ. ಎರಡನೆಯ ಸಲದ ಗೆರೆ ಕೆಳಗಿನ ಮತ್ತು ಮೇಲಿನ ಗುರುತಿನ ನಡುವೆ ಇದ್ದರೆ ಸಾಕು. ಮೇಲಿನ ಗುರುತಿಗೇ ಮುಟ್ಟಬೇಕೆಂದೇನಿಲ್ಲ.

ಪ್ರತಿ ಸಲ ಬೇರೆ ಮಟ್ಟ ತೋರಿಸುವುದು ಏಕೆ? ಎಂಜಿನ್ ನಿಲ್ಲಿಸಿದ ತಕ್ಷಣ ಆಯಿಲ್ ಇನ್ನೂ ಮೇಲಿನ ಭಾಗಗಳಲ್ಲೇ ಇರುತ್ತದೆ. ಅದು ಎಂಜಿನ್ನಿನ ತಳದ ತೊಟ್ಟಿಗೆ (ಸಂಪ್) ಇಳಿಯಲು 5 ರಿಂದ 10 ನಿಮಿಷ ಬೇಕು. ಅಷ್ಟರೊಳಗೆ ನೋಡಿದರೆ ಕಡಿಮೆ ಕಾಣುತ್ತದೆ. ಕಡಿಮೆ ಎಂದು ಸುರಿದರೆ ಬೆಳಗ್ಗೆ ಜಾಸ್ತಿ ಆಗಿರುತ್ತದೆ. ಕೆಲವು ಕಂಪನಿಗಳು ಎಂಜಿನ್ ಬಿಸಿ ಮಾಡಿ, ನಿಲ್ಲಿಸಿ, ಇಷ್ಟು ನಿಮಿಷ ಬಿಟ್ಟು ನೋಡಿ ಎಂದು ಹೇಳುತ್ತವೆ. ನಿಮ್ಮ ಕೈಪಿಡಿ ಹಾಗೆ ಹೇಳಿದ್ದರೆ ಹಾಗೇ ಮಾಡಿ. ಮುಖ್ಯ ವಿಷಯ, ಪ್ರತಿ ತಿಂಗಳೂ ಒಂದೇ ರೀತಿ ನೋಡಬೇಕು.

ಸೇರಿಸಬೇಕಾದರೆ ಒಂದು ಸಲಕ್ಕೆ ಕಾಲು ಲೀಟರಿಗಿಂತ ಜಾಸ್ತಿ ಸುರಿಯಬೇಡಿ. ಕೆಲವು ನಿಮಿಷ ಕಾದು ಮತ್ತೆ ಅಳೆಯಿರಿ. ಅನೇಕ ಕಾರುಗಳಲ್ಲಿ ಎರಡು ಗುರುತಿನ ನಡುವಿನ ಅಂತರ 1 ಲೀಟರ್ ಆಸುಪಾಸು ಇರುತ್ತದೆ. ಜಾಸ್ತಿಯಾದ ಆಯಿಲ್ ಕಡಿಮೆಯಾದದ್ದಕ್ಕಿಂತ ಒಳ್ಳೆಯದು ಎಂಬ ನಂಬಿಕೆ ತಪ್ಪು. ಮಟ್ಟ ತೀರಾ ಏರಿದರೆ ತಿರುಗುವ ಕ್ರ್ಯಾಂಕ್‌ಶಾಫ್ಟ್ ಅದಕ್ಕೆ ಬಡಿದು ನೊರೆ ಎಬ್ಬಿಸುತ್ತದೆ. ಆ ನೊರೆಯನ್ನು ಪಂಪ್ ಸರಿಯಾಗಿ ಎತ್ತಲಾರದು.

ಬಣ್ಣದ ವಿಷಯ. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲ್ ಬೇಗನೆ ಕಪ್ಪಾಗುತ್ತದೆ, ಹೆದರಬೇಡಿ. ಆಯಿಲ್ ಹಾಲು ಬೆರೆತ ಕಾಫಿಯಂತೆ ಕಂಡರೆ ಹೆದರಬೇಕು. ಒಳಗೆ ಕೂಲೆಂಟ್ ಸೇರುತ್ತಿರಬಹುದು, ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಆ ಕಾರನ್ನು ಓಡಿಸದೆ ಎಳೆಸಿಕೊಂಡು ಹೋಗಿ. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಇರುವ ಡೀಸೆಲ್ ಕಾರಿನಲ್ಲಿ ಆಯಿಲ್ ಮಟ್ಟ ಕಡಿಮೆಯಾಗುವ ಬದಲು ಏರುತ್ತಿದ್ದರೂ ತೋರಿಸಿ. ಬರೀ ಹತ್ತಿರದ ಓಡಾಟದಲ್ಲೇ ಇರುವ ಕಾರಿನಲ್ಲಿ ಸುಡದ ಡೀಸೆಲ್ ಆಯಿಲ್‌ಗೆ ಇಳಿದು ಹೀಗಾಗುತ್ತದೆ.

ಬದಲಿಸುವ ಅವಧಿ ಕಿಲೋಮೀಟರ್ ಮತ್ತು ತಿಂಗಳು ಎರಡರಲ್ಲೂ ಕೊಟ್ಟಿರುತ್ತಾರೆ. ಯಾವುದು ಮೊದಲು ಬರುತ್ತದೋ ಅದು. ವರ್ಷಕ್ಕೆ 3,000 ಕಿಲೋಮೀಟರ್ ಮಾತ್ರ ಓಡಿದ ಕಾರಿಗೂ ವರ್ಷದ ಲೆಕ್ಕ ಬಿಡುವುದಿಲ್ಲ.

## ಹಂತ 4: ಕೂಲೆಂಟ್

ಇಲ್ಲಿ ಕ್ರಮ ತಪ್ಪಿದರೆ ಅಳತೆ ಮಾತ್ರ ಕೆಡುವುದಿಲ್ಲ, ಮುಖ ಸುಡುತ್ತದೆ.

ಬಿಸಿ ಎಂಜಿನ್ನಿನ ಕೂಲೆಂಟ್ ಒತ್ತಡದಲ್ಲಿರುತ್ತದೆ. ಆ ಒತ್ತಡದಿಂದಲೇ ಅದು 100 ಡಿಗ್ರಿ ದಾಟಿದರೂ ಕುದಿಯದೆ ಇರುವುದು. ಮುಚ್ಚಳ ತೆರೆದ ಕ್ಷಣ ಒತ್ತಡ ಇಳಿಯುತ್ತದೆ, ಒಳಗಿನ ದ್ರವ ಒಮ್ಮೆಲೇ ಕುದಿದು ಆವಿಯಾಗಿ ಹೊರಗೆ ಚಿಮ್ಮುತ್ತದೆ. ಬಟ್ಟೆ ಹಿಡಿದು ತೆರೆದರೆ ಏನೂ ಆಗಲ್ಲ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ರೇಡಿಯೇಟರಿನ ಮೇಲಿನ ಹೋಸ್ ಮುಟ್ಟಿದರೆ ತಣ್ಣಗಿರಬೇಕು, ಹಿಂಡಿದರೆ ಮೆತ್ತಗಿರಬೇಕು. ಆಮೇಲೆ ಮುಚ್ಚಳ.

ಮಟ್ಟ ನೋಡಲು ಮುಚ್ಚಳ ತೆರೆಯುವ ಅಗತ್ಯವೇ ಸಾಮಾನ್ಯವಾಗಿ ಇಲ್ಲ. ಪ್ಲಾಸ್ಟಿಕ್ ಡಬ್ಬಿಯ ಹೊರಗೇ ಎರಡು ಗೆರೆ ಇರುತ್ತವೆ. ತಣ್ಣಗಿದ್ದಾಗ ದ್ರವ ಅವುಗಳ ನಡುವೆ ಇರಬೇಕು. ಹಳೇ ಡಬ್ಬಿ ಮಸುಕಾಗಿದ್ದರೆ ಹಿಂದಿನಿಂದ ಟಾರ್ಚ್ ಬಿಡಿ.

ಸೇರಿಸುವಾಗ ಕೈಪಿಡಿ ಹೇಳಿದ ಬಗೆಯನ್ನೇ ಸೇರಿಸಿ. ಬಣ್ಣ ನೋಡಿ ಹೊಂದಿಸಬೇಡಿ. ಹಸಿರು, ಕೆಂಪು, ನೀಲಿಗೆ ಎಲ್ಲ ಕಂಪನಿಗಳೂ ಒಪ್ಪಿದ ಅರ್ಥವಿಲ್ಲ. ನೀರು ಬೆರೆಸಿಯೇ ಮಾರುವ ಕೂಲೆಂಟ್ ಕೊಂಡರೆ ಹಾಗೇ ಹಾಕಬಹುದು. ಗಟ್ಟಿ ಕೂಲೆಂಟ್ ಆದರೆ ಡಿಸ್ಟಿಲ್ಡ್ ವಾಟರ್ ಜೊತೆ ಬೆರೆಸಬೇಕು, ಸಾಮಾನ್ಯವಾಗಿ ಅರ್ಧಕ್ಕರ್ಧ. ನಲ್ಲಿ ನೀರು ತುರ್ತಿಗೆ ಮಾತ್ರ. ಅದರಲ್ಲಿನ ಲವಣ ಒಳಗೆ ಪದರ ಕಟ್ಟುತ್ತದೆ, ನೀರು ಜಾಸ್ತಿಯಾದಷ್ಟೂ ತುಕ್ಕು ತಡೆಯುವ ಶಕ್ತಿ ಕುಗ್ಗುತ್ತದೆ.

ಪ್ರತಿ ತಿಂಗಳೂ ಸೇರಿಸಬೇಕಾಗಿ ಬಂದರೆ ಸುಮ್ನೆ ಸೇರಿಸುತ್ತ ಹೋಗಬೇಡಿ. ಮುಚ್ಚಿದ ವ್ಯವಸ್ಥೆಯಿಂದ ಅದು ಎಲ್ಲಿಗೋ ಹೋಗುತ್ತಿದೆ. ಕಾರಿನೊಳಗೆ ಸಿಹಿ ವಾಸನೆ, ಮುಂದಿನ ಕಾರ್ಪೆಟ್ ಒದ್ದೆ, ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ, ಇವು ಹುಡುಕಬೇಕಾದ ಗುರುತು.

## ಹಂತ 5: ಬ್ರೇಕ್ ಆಯಿಲ್, ನೋಡಿ ಆದರೆ ಸುರಿಯಬೇಡಿ

ಬ್ರೇಕ್ ಆಯಿಲ್ ಡಬ್ಬಿಯನ್ನೂ ಹೊರಗಿನಿಂದಲೇ ನೋಡಬೇಕು. ಮಟ್ಟ ಸ್ವಲ್ಪ ಇಳಿದಿದ್ದರೆ ಜನ ಕೂಡಲೇ ತುಂಬಿಸುತ್ತಾರೆ. ಇದು ಬಹಳ ಸಾಮಾನ್ಯವಾದ ತಪ್ಪು. ಬ್ರೇಕ್ ಪ್ಯಾಡ್ ಸವೆದಂತೆ ಪಿಸ್ಟನ್ ಮುಂದೆ ಬರುತ್ತದೆ, ಅದರ ಹಿಂದಿನ ಜಾಗ ತುಂಬಲು ಡಬ್ಬಿಯ ಮಟ್ಟ ನಿಧಾನಕ್ಕೆ ಇಳಿಯುತ್ತದೆ. ಅಂದರೆ ಆ ಇಳಿತ ಪ್ಯಾಡ್ ಸವೆದಿದೆ ಎಂಬ ಸೂಚನೆ. ತುಂಬಿಸಿದರೆ ಸೂಚನೆಯನ್ನೇ ಅಳಿಸಿದಂತೆ. ಪ್ಯಾಡ್ ಬದಲಿಸುವಾಗ ಪಿಸ್ಟನ್ ಹಿಂದಕ್ಕೆ ತಳ್ಳಿದರೆ ಆ ಹೆಚ್ಚಿನ ಆಯಿಲ್ ಉಕ್ಕಿ ಬಣ್ಣದ ಮೇಲೆ ಬಿದ್ದು ಬಣ್ಣ ಕಿತ್ತುಹೋಗುತ್ತದೆ.

ಮಟ್ಟ ಇಳಿದಿದ್ದರೆ ಮೊದಲು ಪ್ಯಾಡ್ ನೋಡಿ. ಅನೇಕ ಅಲಾಯ್ ಚಕ್ರಗಳಲ್ಲಿ ಕಡ್ಡಿಗಳ ಸಂದಿನಿಂದ ಟಾರ್ಚ್ ಬಿಟ್ಟರೆ ಕಾಣುತ್ತದೆ. ಸವೆಯುವ ಭಾಗ 3 ಮಿಲಿಮೀಟರಿಗೆ ಬಂದಿದ್ದರೆ ಬದಲಿಸುವ ಸಮಯ. ಪ್ಯಾಡ್ ದಪ್ಪಗಿದ್ದು ಮಟ್ಟ ಇಳಿದಿದ್ದರೆ, ಅಥವಾ ಒಂದೇ ವಾರದಲ್ಲಿ ಬೇಗ ಇಳಿದಿದ್ದರೆ, ಎಲ್ಲೋ ಸೋರಿಕೆ ಇದೆ. ಕಾರು ಓಡಿಸಬೇಡಿ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿವರೆಗೆ ಕುದಿಯದೆ ತಡೆಯಬೇಕು. ತೇವ ಹೀರಿದ ಸ್ಥಿತಿಗೆ ಇಟ್ಟಿರುವ ಕನಿಷ್ಠ ಮಿತಿ 155 ಡಿಗ್ರಿ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಬಿಸಿಯಾದಾಗ ಹಳೇ ಆಯಿಲ್ ಕುದಿದು ಆವಿಯ ಗುಳ್ಳೆ ಆದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಇದೇ ಕಾರಣಕ್ಕೆ ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಪೂರ್ತಿ ಬದಲಿಸಲು ಹೇಳುತ್ತಾರೆ. ತೆರೆದು ತಿಂಗಳುಗಟ್ಟಲೆ ಇಟ್ಟ ಬಾಟಲಿಯದನ್ನು ಬಳಸಬೇಡಿ. ಡಾಟ್ 5 ಸಿಲಿಕೋನಿನದು, ಡಾಟ್ 3 ಅಥವಾ 4 ಜೊತೆ ಬೆರೆಸಬಾರದು.

ಬಾನೆಟ್ ಎತ್ತಿರುವಾಗಲೇ ವೈಪರ್ ನೀರು ತುಂಬಿಸಿ. ಬೆಲ್ಟುಗಳಲ್ಲಿ ಬಿರುಕಿದೆಯಾ, ಏರ್ ಫಿಲ್ಟರಿನಲ್ಲಿ ಧೂಳು ಕಟ್ಟಿದೆಯಾ, ಇಲಿ ವೈರ್ ಕಡಿದಿದೆಯಾ ನೋಡಿ. ಇವಕ್ಕೆ ಎರಡು ನಿಮಿಷ ಸಾಕು.

## ಹಂತ 6: ಬ್ಯಾಟರಿ, ಸ್ಟಾರ್ಟ್ ಮಾಡುವ ಮೊದಲು

ಓಡಿಸಿ ಬಂದ ಕೂಡಲೇ ಅಳೆದರೆ ಬ್ಯಾಟರಿ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ. ಎಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ಮಾಡುವ ಆಲ್ಟರ್ನೇಟರ್ ತುಂಬಿದ ಮೇಲ್ಪದರದ ಚಾರ್ಜ್ ಅದು. ರಾತ್ರಿಯಿಡೀ ನಿಂತ ಮೇಲೆ ಮಲ್ಟಿಮೀಟರ್ ಹಿಡಿಯಿರಿ. 12.6 ವೋಲ್ಟ್ ಆಸುಪಾಸು ಇದ್ದರೆ ಪೂರ್ತಿ ತುಂಬಿದೆ. 12.4 ಎಂದರೆ ಮುಕ್ಕಾಲು. 12.2 ಎಂದರೆ ಸುಮಾರು ಅರ್ಧ. ಹೀಗೆ ಅರ್ಧದಲ್ಲೇ ದಿನ ಕಳೆಯುವ ಬ್ಯಾಟರಿ ಬೇಗ ಸಾಯುತ್ತದೆ.

ಹಂತ 7ರಲ್ಲಿ ಎಂಜಿನ್ ಸ್ಟಾರ್ಟ್ ಆದ ಮೇಲೆ ಮತ್ತೊಮ್ಮೆ ಅಳೆಯಿರಿ. ಹೆಚ್ಚಿನ ಕಾರುಗಳಲ್ಲಿ 13.8 ರಿಂದ 14.5 ವೋಲ್ಟ್ ಇರಬೇಕು. ಹೊಸ ಕಾರುಗಳಲ್ಲಿ ಕಂಪ್ಯೂಟರ್ ಇದನ್ನು ಏರಿಸಿ ಇಳಿಸಿ ಮಾಡುತ್ತದೆ, ಹಾಗಾಗಿ ಒಂದೇ ಸಲ ನೋಡಿ ತೀರ್ಮಾನಿಸಬೇಡಿ. ಸ್ಟಾರ್ಟ್ ಆದ ಮೇಲೂ 12ರ ಆಸುಪಾಸಿನಲ್ಲೇ ಉಳಿದು ಇಳಿಯುತ್ತಾ ಹೋದರೆ ದೋಷ ಬ್ಯಾಟರಿಯದಲ್ಲ, ಚಾರ್ಜ್ ಮಾಡುವ ಕಡೆಯದು. ಇದನ್ನು ನೋಡದೆ ಹೊಸ ಬ್ಯಾಟರಿ ಹಾಕಿಸಿದವರು ಅದನ್ನೂ ಖಾಲಿ ಮಾಡಿಕೊಳ್ಳುತ್ತಾರೆ.

ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ಬೆರೆಸಿದ ನೀರಲ್ಲಿ ಬ್ರಷ್ ಅದ್ದಿ ತಿಕ್ಕಿ. ಕೈಗವಸು ಹಾಕಿಕೊಳ್ಳಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ.

## ಹಂತ 7: ಸ್ಟಾರ್ಟ್ ಮಾಡುವ ಆ ಅರ್ಧ ನಿಮಿಷ

ಮೊದಲು ಬ್ರೇಕ್ ಬೂಸ್ಟರ್ (ಕಾಲಿನ ಒತ್ತನ್ನು ಹೆಚ್ಚಿಸಿ ಬ್ರೇಕಿಗೆ ಕೊಡುವ ಭಾಗ) ಪರೀಕ್ಷೆ. ಎಂಜಿನ್ ಆಫ್ ಇರುವಾಗ ಬ್ರೇಕ್ ಪೆಡಲ್ ನಾಲ್ಕೈದು ಸಲ ಒತ್ತಿ. ಅದು ಗಟ್ಟಿಯಾಗುತ್ತದೆ. ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದು ನಿಂತರೆ ಬೂಸ್ಟರ್ ಸರಿ ಇದೆ. ಏನೂ ಬದಲಾಗದಿದ್ದರೆ ತೋರಿಸಿ. ಹಿಡಿದೇ ಇದ್ದಾಗ ಪೆಡಲ್ ನಿಲ್ಲದೆ ನಿಧಾನಕ್ಕೆ ಮುಳುಗುತ್ತಾ ಹೋದರೆ ಸೋರಿಕೆ ಇದೆ ಅಥವಾ ಮಾಸ್ಟರ್ ಸಿಲಿಂಡರ್ ಕೆಟ್ಟಿದೆ. ಆ ದಿನ ಕಾರು ಹೊರಗೆ ಹೋಗಬಾರದು.

ಇಗ್ನಿಷನ್ ಆನ್ ಮಾಡಿದಾಗ ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪಗಳು ಹೊತ್ತಿ, ಒಂದೊಂದಾಗಿ ಆರಬೇಕು. ಆರದಿರುವ ದೀಪವನ್ನು ಎಲ್ಲರೂ ಗಮನಿಸುತ್ತಾರೆ. ಹೊತ್ತಿಕೊಳ್ಳದೇ ಇರುವ ದೀಪವನ್ನು ಗಮನಿಸುವವರು ಕಡಿಮೆ. ಏರ್‌ಬ್ಯಾಗ್ ಅಥವಾ ಎಬಿಎಸ್ ದೀಪ ಶುರುವಿನಲ್ಲಿ ಬರಲೇ ಇಲ್ಲವೆಂದರೆ ಅದೂ ದೋಷವೇ. ಹಳೇ ಕಾರು ಕೊಳ್ಳುವವರು ಇದನ್ನು ಖಂಡಿತ ನೋಡಬೇಕು.

ಹೊರಗಿನ ದೀಪಗಳನ್ನು ಒಬ್ಬರೇ ಇದ್ದರೆ ಗೋಡೆಯ ಮುಂದೆ ನಿಲ್ಲಿಸಿ ಬೆಳಕು ನೋಡಿ ಪರೀಕ್ಷಿಸಬಹುದು. ಇಂಡಿಕೇಟರ್ ಎಂದಿಗಿಂತ ಬೇಗ ಬೇಗ ಮಿನುಗಿದರೆ ಆ ಬದಿಯ ಒಂದು ಬಲ್ಬ್ ಹೋಗಿದೆ.

## ಹಂತ 8: ಜನ ಕೂರುವ ಮೊದಲು

ಮನೆಮಂದಿಯ ಕಾರಿನಲ್ಲಿ ಈ ಹಂತ ಎಂಜಿನ್ನಿಗಿಂತ ಮುಖ್ಯ. ವೋಲ್ವೋದ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದ ಮೂರು ಬಿಂದುವಿನ ಬೆಲ್ಟ್ 1959ರಲ್ಲೇ ಕಾರಿಗೆ ಬಂತು. ಪೇಟೆಂಟನ್ನು ಆ ಕಂಪನಿ ಬೇರೆಯವರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತು. ಇಷ್ಟಾದರೂ ಹಿಂದಿನ ಸೀಟಿನ ಬಕಲ್ ಮೆತ್ತೆಯ ಸಂದಿಯಲ್ಲಿ ಹೂತುಹೋಗಿರುವ ಕಾರುಗಳಿಗೆ ಲೆಕ್ಕವಿಲ್ಲ.

ಪ್ರತಿ ಬೆಲ್ಟನ್ನೂ ಪೂರ್ತಿ ಹೊರಗೆಳೆದು ಅಂಚು ಹರಿದಿದೆಯಾ ನೋಡಿ. ಜೋರಾಗಿ ಜಗ್ಗಿದರೆ ಲಾಕ್ ಆಗಬೇಕು. ಬಕಲ್ ಹಾಕಿ ಎಳೆಯಿರಿ, ಬಿಚ್ಚಿ ನೋಡಿ. ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು. ತಲೆಯ ಹಿಂದಿನ ಮೆತ್ತೆ ಕುತ್ತಿಗೆಯ ಮಟ್ಟದಲ್ಲಿ ಇರಬಾರದು, ತಲೆಯ ಹಿಂಭಾಗಕ್ಕೆ ಏರಿಸಿ.

ಹಿಂದಕ್ಕೆ ಮುಖ ಮಾಡಿದ ಮಗುವಿನ ಸೀಟನ್ನು ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಎಂದಿಗೂ ಇಡಬಾರದು. ಏರ್‌ಬ್ಯಾಗ್ ಬಿಚ್ಚಿಕೊಂಡರೆ ಸೀಟಿನ ಬೆನ್ನಿಗೇ ಬಡಿಯುತ್ತದೆ. ಹಿಂದಿನ ಸೀಟೇ ಅದರ ಜಾಗ. ಕಟ್ಟಿದ ಮೇಲೆ ಬೆಲ್ಟ್ ಹಾದುಹೋಗುವ ಅಥವಾ ಐಸೋಫಿಕ್ಸ್ (ಮಗುವಿನ ಸೀಟು ಸಿಕ್ಕಿಸಲು ಕಾರಿನಲ್ಲಿರುವ ಕೊಂಡಿ) ಸೇರುವ ಜಾಗದಲ್ಲಿ ಸೀಟು ಹಿಡಿದು ಅಲುಗಾಡಿಸಿ. ಎರಡೂವರೆ ಸೆಂಟಿಮೀಟರಿಗಿಂತ ಜಾಸ್ತಿ ಅಲುಗಾಡಿದರೆ ಮತ್ತೆ ಬಿಗಿಯಿರಿ.

ಪೂರ್ತಿ ಜನ, ಸಾಮಾನು ತುಂಬಿ ಹೊರಡುವಾಗ ಟೈರಿನ ಗಾಳಿಯನ್ನು ಪೂರ್ತಿ ಭಾರದ ಅಂಕಿಗೆ ಏರಿಸಬೇಕು. ಬಹಳ ಕಾರುಗಳಲ್ಲಿ ಹಿಂದಿನ ಟೈರಿಗೆ ಆ ಅಂಕಿ ಸಾಕಷ್ಟು ಜಾಸ್ತಿ ಇರುತ್ತದೆ. ಭಾರದ ಸಾಮಾನು ಡಿಕ್ಕಿಯ ತಳದಲ್ಲಿ, ಹಿಂದಿನ ಸೀಟಿಗೆ ಒತ್ತಿ ಇಡಿ. ಹಿಂದಿನ ಗಾಜಿನ ಕೆಳಗಿನ ಹಲಗೆ ಮೇಲೆ ಏನೂ ಬೇಡ.

## ಹಂತ 9: ಓಡಿಸುತ್ತಾ ಗಮನಿಸುವುದು

ನಿಂತಲ್ಲೇ ಹತ್ತು ನಿಮಿಷ ಎಂಜಿನ್ ಬಿಸಿ ಮಾಡುವುದು ಈಗಿನ ಕಾರಿಗೆ ಬೇಡ. ಅರ್ಧ ನಿಮಿಷ ಬಿಟ್ಟು ಹೊರಡಿ, ಮೊದಲ ಕೆಲವು ಕಿಲೋಮೀಟರ್ ಮೆಲ್ಲಗೆ ಓಡಿಸಿ. ರೇಡಿಯೋ ಆಫ್ ಮಾಡಿ, ಕಿಟಕಿ ಇಳಿಸಿ.

ಒಂದು ವೇಗಕ್ಕೆ ಬಂದಾಗ ಸ್ಟೀರಿಂಗ್ ನಡುಗಿ, ಆ ವೇಗ ದಾಟಿದರೆ ನಿಂತರೆ ಚಕ್ರದ ಬ್ಯಾಲೆನ್ಸಿಂಗ್ ನೋಡಿಸಿ. ಬ್ರೇಕ್ ಹಾಕಿದಾಗ ಮಾತ್ರ ನಡುಗಿದರೆ ಡಿಸ್ಕ್. ನೇರ ರಸ್ತೆಯಲ್ಲಿ ಸ್ಟೀರಿಂಗ್ ಓರೆಯಾಗಿದ್ದರೆ ಅಲೈನ್‌ಮೆಂಟ್. ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಟಕ ಟಕ ಸದ್ದು ಬಂದರೆ ಆಕ್ಸಲ್‌ನ ಸಿವಿ ಜಾಯಿಂಟ್. ವೇಗದ ಜೊತೆ ಏರುವ ಗುಂಯ್ ಸದ್ದು ವೀಲ್ ಬೇರಿಂಗಿನದಿರಬಹುದು. ಬ್ರೇಕ್ ಹಾಕಿದಾಗ ಕೀರಲು ಸದ್ದು ಪ್ಯಾಡ್ ಮುಗಿಯುತ್ತಿದೆ ಎನ್ನುತ್ತದೆ, ಕಬ್ಬಿಣ ಉಜ್ಜುವ ಸದ್ದು ಮುಗಿದೇ ಹೋಗಿದೆ ಎನ್ನುತ್ತದೆ.

ಎಕ್ಸಲರೇಟರ್ ಒತ್ತಿದಾಗ ಎಂಜಿನ್ ಸದ್ದು ಏರಿ, ಕಾರಿನ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಕ್ಲಚ್ ಬೇಗ ಹಾಳಾಗುವುದು ಹೆಚ್ಚಾಗಿ ಎರಡು ಅಭ್ಯಾಸದಿಂದ: ಓಡುವಾಗ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇರುವುದು, ಏರಿನಲ್ಲಿ ಹಾಫ್ ಕ್ಲಚ್ಚಿನಲ್ಲಿ ಕಾರು ನಿಲ್ಲಿಸಿಕೊಳ್ಳುವುದು. ಏರಿನಲ್ಲಿ ಹ್ಯಾಂಡ್‌ಬ್ರೇಕ್ ಬಳಸಿ. ಆಟೊಮ್ಯಾಟಿಕ್ ಕಾರಿನಲ್ಲಿ ಪೂರ್ತಿ ನಿಲ್ಲದೆ ರಿವರ್ಸ್‌ಗೆ ಹಾಕಬೇಡಿ. ಇಳಿಜಾರಿನಲ್ಲಿ ನಿಲ್ಲಿಸುವಾಗ ಮೊದಲು ಹ್ಯಾಂಡ್‌ಬ್ರೇಕ್ ಹಾಕಿ, ಬ್ರೇಕ್ ಪೆಡಲ್ ಸಡಿಲಿಸಿ ಭಾರ ಅದರ ಮೇಲೆ ಕೂತಿತೇ ನೋಡಿ, ಆಮೇಲೆ ಪಾರ್ಕಿಗೆ ತನ್ನಿ.

ಉದ್ದ ಇಳಿಜಾರಿಗೆ ಇಳಿಯುವ ಮುಂಚೆಯೇ ಗೇರ್ ಇಳಿಸಿ, ವೇಗವನ್ನು ಎಂಜಿನ್ ಹಿಡಿಯಲಿ. ಬ್ರೇಕಿನ ಮೇಲೆ ಸದಾ ಕಾಲಿಟ್ಟು ಇಳಿಯುವುದು, ನ್ಯೂಟ್ರಲ್‌ನಲ್ಲಿ ಬಿಡುವುದು, ಎರಡೂ ಅಪಾಯ.

ದಾರಿಯಲ್ಲಿ ದೀಪ ಹೊತ್ತಿಕೊಂಡರೆ. ಕೆಂಪು ಎಂದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಹಳದಿ ಎಂದರೆ ಬೇಗ ತೋರಿಸಿ. ಆಯಿಲ್ ಕ್ಯಾನಿನ ಕೆಂಪು ದೀಪ ಬಂದರೆ ನಿಲ್ಲಿಸಿ ಕೂಡಲೇ ಎಂಜಿನ್ ಆಫ್ ಮಾಡಿ. ಅದು ಒತ್ತಡದ ದೀಪ, "ಮುಂದಿನ ಊರಿನವರೆಗೆ ಹೋಗೋಣ" ಎಂದರೆ ಎಂಜಿನ್ ಹೋಗುತ್ತದೆ. ಬಿಸಿಯ ದೀಪ ಬಂದರೆ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ ಇಟ್ಟು ಫ್ಯಾನ್ ಜೋರು ಮಾಡಿ, ನಿಲ್ಲಲು ಜಾಗ ಸಿಕ್ಕ ಕೂಡಲೇ ಆಫ್ ಮಾಡಿ. ಬೆವರುತ್ತೀರಿ ನಿಜ, ಆದರೆ ಎಂಜಿನ್ನಿನ ಶಾಖ ಸ್ವಲ್ಪ ಹೊರಗೆ ಬರುತ್ತದೆ. ಚೆಕ್ ಎಂಜಿನ್ ದೀಪ ಸ್ಥಿರವಾಗಿದ್ದರೆ ಮೆಲ್ಲಗೆ ಓಡಿಸಿಕೊಂಡು ಗ್ಯಾರೇಜಿಗೆ ಹೋಗಬಹುದು. ಮಿನುಗುತ್ತಿದ್ದರೆ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ, ಓಡಿಸಿದಷ್ಟೂ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಡುತ್ತದೆ.

## ಹಂತ 10: ನಿಲ್ಲಿಸಿದ ಮೇಲೆ

ಟರ್ಬೊ ಇರುವ ಕಾರನ್ನು ಜೋರಾಗಿ ಓಡಿಸಿ ಬಂದಿದ್ದರೆ ಒಂದು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಫ್ ಮಾಡಿ. ಆಮೇಲೆ ಪ್ರತಿ ಚಕ್ರದ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಒಂದು ಚಕ್ರ ಮಾತ್ರ ಜೊತೆಯ ಚಕ್ರಕ್ಕಿಂತ ತುಂಬಾ ಬಿಸಿಯಾಗಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡೇ ಇದೆ.

ಕೆಳಗೆ ಹಳೇ ರಟ್ಟು ಹಾಕಿ ರಾತ್ರಿ ಬಿಡಿ. ಬಣ್ಣವಿಲ್ಲದ ನೀರು ಎಸಿಯದು, ಚಿಂತೆಯಿಲ್ಲ. ಕಂದು ಅಥವಾ ಕಪ್ಪು ಜಿಡ್ಡು ಎಂಜಿನ್ ಆಯಿಲ್. ಬಣ್ಣದ, ಜಾರುವ ದ್ರವ ಕೂಲೆಂಟ್. ಚಕ್ರದ ಒಳಬದಿಯಲ್ಲಿ ಒದ್ದೆ ಕಂಡರೆ ಬ್ರೇಕ್ ಆಯಿಲ್ ಇರಬಹುದು, ಇದು ಎಲ್ಲಕ್ಕಿಂತ ತುರ್ತು.

## ಹಂತ 11: ಚಕ್ರ ಬದಲಿಸುವುದನ್ನು ಮನೆಯಲ್ಲೇ ಕಲಿಯಿರಿ

ಗಟ್ಟಿ, ಸಮತಟ್ಟು ನೆಲ. ಹ್ಯಾಂಡ್‌ಬ್ರೇಕ್. ಎದುರು ಮೂಲೆಯ ಚಕ್ರಕ್ಕೆ ಮರದ ತುಂಡು. ಎಲ್ಲರೂ ಕೆಳಗಿಳಿಯಲಿ.

ಕಾರು ಎತ್ತುವ ಮೊದಲು ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ. ಎತ್ತಿದ ಮೇಲೆ ಸಡಿಲಿಸಲು ಹೋದರೆ ಚಕ್ರ ತಿರುಗುತ್ತದೆ, ಕಾರು ಜಾಕಿನಿಂದ ಜಾರಬಹುದು. ಜಾಕ್ ಇಡುವ ಜಾಗವನ್ನು ಕಾರಿನ ಕೆಳ ಅಂಚಿನಲ್ಲಿ ಗುರುತಿಸಿರುತ್ತಾರೆ. ಬೇರೆಲ್ಲೂ ಇಡಬೇಡಿ. ಜಾಕಿನ ಮೇಲಿರುವ ಕಾರಿನ ಕೆಳಗೆ ಕೈ, ತಲೆ, ಏನನ್ನೂ ತೂರಿಸಬೇಡಿ.

ಹಾಕುವಾಗ ನಟ್‌ಗಳನ್ನು ಮೊದಲು ಕೈಯಿಂದ ತಿರುಗಿಸಿ. ಕಾರು ಇಳಿಸಿದ ಮೇಲೆ ಒಂದರ ಪಕ್ಕದ್ದನ್ನಲ್ಲ, ಎದುರಿನದನ್ನು ಬಿಗಿಯುತ್ತಾ ಹೋಗಿ. ಸ್ಪ್ಯಾನರಿನ ಮೇಲೆ ನಿಂತು ಕುಣಿಯಬೇಡಿ, ಸ್ಟಡ್ ಕೆಡುತ್ತದೆ. 50 ರಿಂದ 100 ಕಿಲೋಮೀಟರ್ ಓಡಿದ ಮೇಲೆ ಬಿಗಿ ಮತ್ತೊಮ್ಮೆ ನೋಡಿ. ಸ್ಟೆಪ್ನಿ ತೆಳುವಾದ ತಾತ್ಕಾಲಿಕ ಬಗೆಯದಾದರೆ ಅದರ ಮೇಲೆ ಬರೆದ ವೇಗದ ಮಿತಿ, ಸಾಮಾನ್ಯವಾಗಿ ಗಂಟೆಗೆ 80 ಕಿಲೋಮೀಟರ್, ದಾಟಬೇಡಿ.

## ಹಂತ 12: ಜಂಪರ್ ಕೇಬಲ್ ಹಾಕುವ ಕ್ರಮ

ಎರಡೂ ಕಾರು 12 ವೋಲ್ಟಿನವು, ಎರಡೂ ಆಫ್, ಒಂದಕ್ಕೊಂದು ತಾಗಬಾರದು. ಕೆಂಪು ಕೇಬಲ್ ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ತುದಿ ಚಾರ್ಜ್ ಇರುವ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಕೇಬಲ್ ಚಾರ್ಜ್ ಇರುವ ಬ್ಯಾಟರಿಯ ಮೈನಸ್‌ಗೆ. ಅದರ ಕೊನೆಯ ತುದಿ ಸತ್ತ ಬ್ಯಾಟರಿಗೆ ಬೇಡ. ಆ ಕಾರಿನ ಎಂಜಿನ್ನಿನ ಬಣ್ಣವಿಲ್ಲದ ಲೋಹದ ಭಾಗಕ್ಕೆ, ಬ್ಯಾಟರಿಯಿಂದ ದೂರ ಹಾಕಿ. ಕೊನೆಯ ಜೋಡಣೆಯಲ್ಲಿ ಕಿಡಿ ಏಳುತ್ತದೆ, ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತಿರಬಹುದು. ಎರಡೂ ಒಂದೆಡೆ ಸೇರಬಾರದು.

ಚಾರ್ಜ್ ಇರುವ ಕಾರನ್ನು ಕೆಲವು ನಿಮಿಷ ಓಡಲು ಬಿಟ್ಟು, ಆಮೇಲೆ ಸತ್ತ ಕಾರು ಸ್ಟಾರ್ಟ್ ಮಾಡಿ. ಬಿಚ್ಚುವುದು ಹಾಕಿದ ಕ್ರಮಕ್ಕೆ ತಿರುವುಮುರುವು. ಉಬ್ಬಿದ, ಬಿರುಕು ಬಿಟ್ಟ ಅಥವಾ ಸೋರುವ ಬ್ಯಾಟರಿಗೆ ಇದನ್ನು ಮಾಡಲೇಬೇಡಿ.

## ಪುಸ್ತಕದಲ್ಲಿ ಬರೆಯುವುದು

ದಿನಾಂಕ, ಮೀಟರಿನ ಕಿಲೋಮೀಟರ್, ನಾಲ್ಕು ಟೈರ್ ಮತ್ತು ಸ್ಟೆಪ್ನಿಯ ಗಾಳಿ, ಬೆಳಗಿನ ವೋಲ್ಟ್, ಸೇರಿಸಿದ ಆಯಿಲ್ ಅಥವಾ ಕೂಲೆಂಟಿನ ಅಳತೆ. ಒಂದು ತಿಂಗಳಿಗೆ ಒಂದು ಸಾಲು ಸಾಕು. ಗ್ಯಾರೇಜಿಗೆ ಕೊಡುವಾಗ "ಏನೋ ಸದ್ದು ಬರುತ್ತೆ, ನೋಡಿ" ಎನ್ನುವ ಬದಲು ಯಾವ ವೇಗದಲ್ಲಿ, ತಣ್ಣಗಿರುವಾಗಲೋ ಬಿಸಿಯಾದ ಮೇಲೋ, ಬ್ರೇಕ್ ಹಾಕಿದಾಗಲೋ ತಿರುಗಿಸಿದಾಗಲೋ ಎಂದು ಬರೆದು ಕೊಡಿ. ಬದಲಿಸಿದ ಹಳೇ ಭಾಗಗಳನ್ನು ಕೇಳಿ ನೋಡಿ, ಬಿಲ್ಲನ್ನು ಅದೇ ಪುಟಕ್ಕೆ ಪಿನ್ ಮಾಡಿ.